ಕಾರು ಎಡಕ್ಕೆ ಎಳೀತದೆ ಮಾರಾಯ

"ಕಾರು ಸ್ವಲ್ಪ ಎಡಕ್ಕೆ ಎಳೀತದೆ ಮಾರಾಯ" ಅಂತ ಅಪ್ಪಯ್ಯ ಮೊದಲ ಸಲ ಫೋನಿನಲ್ಲಿ ಹೇಳಿದ್ದು 2023ರ ಜುಲೈನಲ್ಲಿ. ತೀರ್ಥಹಳ್ಳಿ ಕಡೆ ಜಡಿಮಳೆ. ಬೆಂಗಳೂರಲ್ಲಿ ನನಗೆ ಇನ್ನೈದು ನಿಮಿಷಕ್ಕೆ ಮೀಟಿಂಗು. ಎದುರಿಗೆ ಲ್ಯಾಪ್‌ಟಾಪು ತೆರೆದಿಟ್ಟುಕೊಂಡು, ಹೆಗಲಿಗೂ ಕಿವಿಗೂ ಮಧ್ಯೆ ಫೋನು ಸಿಕ್ಕಿಸಿಕೊಂಡು, ಅಪ್ಪಯ್ಯನಿಗೆ ಪಾಠ ಮಾಡೋಕೆ ಶುರು ಮಾಡಿದೆ.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗು, ಮಾಡ್ತಿರೋದು ಸಾಫ್ಟ್‌ವೇರು. ಇದರಲ್ಲಿ ಹೊಸತೇನೂ ಇಲ್ಲ ಬಿಡಿ, ನಮ್ಮ ಕ್ಲಾಸಿನ ಅರ್ಧಕ್ಕರ್ಧ ಜನರದ್ದು ಇದೇ ಕಥೆ. 2018ರಲ್ಲಿ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನು ಸ್ಪ್ಯಾನರ್ ಮುಟ್ಟಿದ್ದು ಎರಡೇ ಸಲ. ಎರಡೂ ಸಲ ಮಂಚ ಜೋಡಿಸೋಕೆ. ಆದರೆ ಊರಲ್ಲಿ ಇದೆಲ್ಲ ಲೆಕ್ಕಕ್ಕಿಲ್ಲ. ಅಕ್ಕಪಕ್ಕದ ಮನೆಯ ಮಿಕ್ಸಿ ಕೆಟ್ಟರೂ, ಪಂಪ್‌ಸೆಟ್ ನೀರು ಎತ್ತದಿದ್ದರೂ "ನಿಮ್ಮ ಹುಡುಗ ಇಂಜಿನಿಯರ್ ಅಲ್ದಾ, ಕೇಳಿ ನೋಡಿ" ಅಂತಾರೆ. ನನಗೆ ಒಂದೂ ಗೊತ್ತಿರೋದಿಲ್ಲ. ಹೀಗಿರುವಾಗ ಕೊನೆಗೂ ನನ್ನ ಸಿಲಬಸ್ಸಿನಲ್ಲೇ ಇದ್ದ ಪ್ರಶ್ನೆಯೊಂದು ಬಂದರೆ ಬಿಡೋದುಂಟಾ?

"ಅಪ್ಪಯ್ಯ, ಅದು ಕಾರಿನ ತೊಂದರೆ ಅಲ್ಲ, ರಸ್ತೇದು" ಅಂದೆ. ಮಳೆನೀರು ಹರಿದು ಹೋಗಲಿ ಅಂತ ರಸ್ತೆಯ ನಡುವಿನ ಭಾಗ ಎತ್ತರ ಮಾಡಿ ಎರಡೂ ಅಂಚಿನ ಕಡೆಗೆ ಇಳಿಜಾರು ಕೊಟ್ಟಿರ್ತಾರೆ. ಜಾಸ್ತಿ ಮಳೆ ಬೀಳೋ ಕಡೆ ಟಾರು ರಸ್ತೆಗೆ ನೂರಕ್ಕೆ 2ರಿಂದ 2.5ರಷ್ಟು ಇಳಿಜಾರು. ಅಂದ್ರೆ 3.5 ಮೀಟರ್ ಅಗಲದ ಒಂದು ಲೇನಿನಲ್ಲಿ ನಡುಭಾಗಕ್ಕಿಂತ ಅಂಚು 7ರಿಂದ 9 ಸೆಂಟಿಮೀಟರ್ ಕೆಳಗೆ. ನಾವು ಎಡಗಡೆ ಓಡಿಸುವವರು, ಹಾಗಾಗಿ ಕಾರು ಯಾವಾಗಲೂ ಎಡಕ್ಕೆ ವಾಲಿದ ನೆಲದ ಮೇಲೇ ಓಡ್ತಿರುತ್ತೆ. ಸ್ಟೀರಿಂಗ್ ಬಿಟ್ಟರೆ ಮೆಲ್ಲಗೆ ಎಡಕ್ಕೆ ಹೋಗೋದು ಸಹಜ. ಬಲಗಡೆ ಓಡಿಸುವ ಅಮೆರಿಕದಲ್ಲಿ ಇದೇ ಕಾರಣಕ್ಕೆ ಬಲಕ್ಕೆ ಹೋಗುತ್ತೆ.

ಪಾಠ ಚೆನ್ನಾಗೇ ಇತ್ತು. ಈಗ್ಲೂ ಅದರಲ್ಲಿ ಒಂದಕ್ಷರ ತಪ್ಪಿಲ್ಲ.

ಅಪ್ಪಯ್ಯ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹಂಗಲ್ಲ ಮಾರಾಯ... ಬ್ರೇಕ್ ಒತ್ತಿ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಜಾಸ್ತಿ ಎಳೀತದೆ. ಆಮೇಲೆ ತನ್ನಷ್ಟಕ್ಕೇ ಸರಿಯಾಗ್ತದೆ" ಅಂದರು.

"ಸರಿ ಸರಿ, ಟೈರಿಗೆ ಗಾಳಿ ಚೆಕ್ ಮಾಡ್ಸಿ. ಮೀಟಿಂಗ್ ಇದೆ, ಸಂಜೆ ಮಾಡ್ತೀನಿ" ಅಂತ ಫೋನಿಟ್ಟೆ.

ಅಪ್ಪಯ್ಯ ಹೇಳಿದ ಆ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

* * *

ಕಾರು ಅಪ್ಪಯ್ಯನದು. ಹನ್ನೊಂದು ವರ್ಷ ಹಳೆಯ ಸಣ್ಣ ಕಾರು. ಯಾವ ಕಂಪನಿದು ಅಂತ ಹೇಳೋಲ್ಲ, ಯಾಕಂದ್ರೆ ಮುಂದೆ ನಡೆದದ್ದರಲ್ಲಿ ಅದರ ತಪ್ಪೇನೂ ಇಲ್ಲ. ವಾರಕ್ಕೆರಡು ಸಲ ತೀರ್ಥಹಳ್ಳಿ ಪೇಟೆಗೆ, ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ, ಮದುವೆ ಮುಂಜಿಗೆ. ಉಳಿದಂತೆ ಅಡಿಕೆ ಚಪ್ಪರದ ಪಕ್ಕದ ಶೀಟಿನ ಕೆಳಗೆ ನಿಂತಿರುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಆ ಶೀಟಿನ ಕೆಳಗೆ ಒಣಗಿದ್ದು ಅಂತ ಯಾವುದೂ ಇರೋದಿಲ್ಲ, ಗೋಡೆಯೂ ಸೇರಿ.

ಗಾಳಿ ಚೆಕ್ ಮಾಡಿಸಿದರು. ಎರಡೂ ಕಡೆ ಸರಿಯಿತ್ತು. ನನ್ನ ಎರಡನೇ ಪಾಠ ಅದರ ಮೇಲೇ. ಗಾಳಿ ಕಮ್ಮಿ ಇರೋ ಟೈರು ನೆಲಕ್ಕೆ ಜಾಸ್ತಿ ಅಪ್ಪಚ್ಚಿಯಾಗುತ್ತೆ, ಉರುಳೋಕೆ ಹೆಚ್ಚು ಒದ್ದಾಡುತ್ತೆ, ಅದಕ್ಕೇ ಕಾರು ಆ ಕಡೆ ಎಳೆಯುತ್ತೆ. ಗಾಳಿ ಸರಿಯಿದ್ರೆ ಟೈರೇ ಸರಿಯಿಲ್ಲದಿರಬಹುದು. ರೇಡಿಯಲ್ ಟೈರಿನೊಳಗಿನ ಉಕ್ಕಿನ ತಂತಿಯ ಪಟ್ಟಿ ನಡುವಿನಿಂದ ಒಂಚೂರು ಪಕ್ಕಕ್ಕೆ ಕೂತಿದ್ರೆ ಟೈರು ಕಣ್ಣಿಗೆ ಕಾಣದಷ್ಟು ಶಂಕುವಿನ ಆಕಾರಕ್ಕೆ ಬರುತ್ತೆ. ಕಡ್ಲೆಕಾಯಿ ಪೊಟ್ಟಣವನ್ನ ಮೇಜಿನ ಮೇಲೆ ಉರುಳಿಸಿ ನೋಡಿ, ನೇರ ಹೋಗೋದಿಲ್ಲ, ಸುತ್ತು ಹೊಡೆಯುತ್ತೆ. ಹಾಗೇ ಇದು. ಪರೀಕ್ಷೆ ಸುಲಭ: ಮುಂದಿನ ಎರಡು ಚಕ್ರಗಳನ್ನ ಅದಲು ಬದಲು ಮಾಡಿ. ಎಳೆತದ ದಿಕ್ಕೂ ಬದಲಾದ್ರೆ ಕಳ್ಳ ಟೈರೇ.

ಅಪ್ಪಯ್ಯ ಪೇಟೆಯಲ್ಲಿ ಅದನ್ನೂ ಮಾಡಿಸಿದರು. ಎಡಕ್ಕೇ ಎಳೆಯಿತು.

ಆಮೇಲೆ ವೀಲ್ ಅಲೈನ್‌ಮೆಂಟ್. ಶಿವಮೊಗ್ಗದಲ್ಲಿ ಒಂದು ಸಲ ಆಗಸ್ಟಿನಲ್ಲಿ, ಇನ್ನೊಂದು ಸಲ ಬೇರೆ ಅಂಗಡಿಯಲ್ಲಿ ಸೆಪ್ಟೆಂಬರಿನಲ್ಲಿ. ದುಡ್ಡು ನಾನೇ ಫೋನಿನಿಂದ ಕಳಿಸಿದೆ, ಅದೇ ದೊಡ್ಡ ಉಪಕಾರ ಅನ್ನೋ ಥರ. ಅವರು ಕೊಟ್ಟ ಚೀಟಿಯ ಫೋಟೋ ವಾಟ್ಸಾಪಿನಲ್ಲಿ ಬಂತು. ಎಲ್ಲ ಅಂಕಿಗಳೂ ಹಸಿರು ಬಣ್ಣದಲ್ಲಿ. "ನೋಡಿ ಅಪ್ಪಯ್ಯ, ಎಲ್ಲಾ ಸರಿಯಿದೆ" ಅಂತ ಬರೆದೆ. ಗ್ರಾಹಕ ಸಾಫ್ಟ್‌ವೇರ್ ಕೆಲಸ ಮಾಡ್ತಿಲ್ಲ ಅಂದಾಗ ನಾವು "ನಮ್ಮ ಸಿಸ್ಟಮ್ಮಲ್ಲಿ ಸರಿಯಾಗಿ ಓಡ್ತಿದೆಯಲ್ಲ" ಅಂತೀವಲ್ಲ, ಅದೇ ಧಾಟಿ.

ಇಲ್ಲೊಂದು ವಿಷಯ ಹೇಳಬೇಕು. ತುಂಬಾ ಜನಕ್ಕೆ ಇದು ಗೊತ್ತಿಲ್ಲ. ಅಲೈನ್‌ಮೆಂಟಿನಲ್ಲಿ ನೋಡೋದು ಮುಖ್ಯವಾಗಿ ಮೂರು ಕೋನ. ಎರಡು ಚಕ್ರಗಳು ಒಂದರ ಕಡೆಗೊಂದು ಮುಖ ತಿರುಗಿಸಿವೆಯಾ ಅನ್ನೋದು ಟೋ. ಚಕ್ರ ಒಳಗೆ ಅಥವಾ ಹೊರಗೆ ವಾಲಿದೆಯಾ ಅನ್ನೋದು ಕ್ಯಾಂಬರ್. ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಎಷ್ಟು ಒರಗಿದೆ ಅನ್ನೋದು ಕ್ಯಾಸ್ಟರ್. ಸೈಕಲ್ಲಿನ ಹ್ಯಾಂಡಲ್ಲಿನ ಕಂಬ ಹಿಂದಕ್ಕೆ ಒರಗಿರುತ್ತಲ್ಲ, ಅದೇ ಕ್ಯಾಸ್ಟರು. ಇವುಗಳಲ್ಲಿ ಕಾರನ್ನು ಒಂದು ಕಡೆಗೆ ಎಳೆಯೋದು ಕ್ಯಾಂಬರ್ ಮತ್ತು ಕ್ಯಾಸ್ಟರಿನ ಎಡಬಲ ವ್ಯತ್ಯಾಸ. ಮುಂದಿನ ಚಕ್ರದ ಟೋ ತಪ್ಪಿದರೆ ಸಾಮಾನ್ಯವಾಗಿ ಟೈರು ಬೇಗ ಸವೆಯುತ್ತೆ, ಸ್ಟೀರಿಂಗ್ ಸೊಟ್ಟ ಕೂರುತ್ತೆ, ಅಷ್ಟೆ. ಆದ್ರೆ ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಅಂಗಡಿಯವರು ಬದಲಾಯಿಸೋಕೆ ಆಗೋದು ಟೋ ಒಂದನ್ನೇ! ಉಳಿದೆರಡನ್ನ ಅಳೆದು ತೋರಿಸ್ತಾರೆ, ತಿರುಪಿ ಸರಿಮಾಡೋಕೆ ಅಲ್ಲಿ ನಟ್ಟೇ ಇರೋದಿಲ್ಲ. ಅವು ತಪ್ಪಿದ್ದರೆ ಗುಂಡಿಗೆ ಬಿದ್ದು ಏನೋ ಬಾಗಿದೆ, ಇಲ್ಲಾ ಬುಷ್ ಸವೆದಿದೆ ಅಂತ ಅರ್ಥ. ಬಿಡಿಭಾಗ ಬದಲಾಯಿಸಬೇಕು.

ಅಂದ್ರೆ ನಾನು ಎರಡು ಸಲ ದುಡ್ಡು ಕಳಿಸಿ ಸರಿಮಾಡಿಸಿದ್ದು, ಎಳೆತಕ್ಕೆ ಕಾರಣವೇ ಆಗಿರದ ಒಂದು ಕೋನವನ್ನ. ಇದು ನನಗೆ ಗೊತ್ತಿರಬೇಕಿತ್ತು. ಆರನೇ ಸೆಮಿಸ್ಟರಿನಲ್ಲಿ ಈ ಸಬ್ಜೆಕ್ಟಿನಲ್ಲಿ ಒಳ್ಳೇ ಮಾರ್ಕ್ಸೇ ಬಂದಿತ್ತು.

ಅಕ್ಟೋಬರಿನಲ್ಲಿ ಅಪ್ಪಯ್ಯ ಕಾರಿನ ಸುದ್ದಿ ಎತ್ತೋದನ್ನೇ ನಿಲ್ಲಿಸಿದರು. ಸರಿಯಾಯ್ತು ಅಂದುಕೊಂಡೆ. ಫೋನಿನಲ್ಲಿ ಈಗ ಬಲಗೈ ಹೆಗಲು ನೋವಿನ ಸುದ್ದಿ. "ಎಂತ ಇಲ್ಲ, ಕೊಟ್ಟಂಚುಕ್ಕಾದಿ ತೈಲ ಹಚ್ತಿದೀನಿ" ಅಂತಿದ್ರು. ವಯಸ್ಸಾಯ್ತಲ್ಲ ಅಂದುಕೊಂಡೆ.

* * *

ಆ ವರ್ಷ ದೀಪಾವಳಿಗೆ ಊರಿಗೆ ಹೋದೆ. ಹಬ್ಬ ಮುಗಿದ ಮೂರನೇ ದಿನ ಅಮ್ಮನ ಕಣ್ಣು ತೋರಿಸೋಕೆ ಮಣಿಪಾಲಕ್ಕೆ ಹೋಗೋದಿತ್ತು. ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ದಾಟಿ ಹೋಗೋ ದಾರಿ. ನಾನೇ ಓಡಿಸ್ತೀನಿ ಅಂದೆ. ಅಪ್ಪಯ್ಯ ಪಕ್ಕದಲ್ಲಿ, ಅಮ್ಮ ಹಿಂದೆ, ಅಮ್ಮನ ಪಕ್ಕ ಅವಲಕ್ಕಿಯ ಡಬ್ಬಿ.

ಸ್ಟೀರಿಂಗ್ ಹಿಡಿದ ಕೂಡಲೇ ಗಮನಿಸಿದ್ದು ಅದರ ಕವರು. ಎಲ್ಲಾ ಕಡೆ ಸರಿಯಾಗೇ ಇದ್ದ ಕವರು ಬಲಗೈ ಹಿಡಿಯೋ ಜಾಗದಲ್ಲಿ ಮಾತ್ರ ಸವೆದು ನುಣುಪಾಗಿತ್ತು. ಆಗುಂಬೆ ಮುಟ್ಟುವಷ್ಟರಲ್ಲಿ ಯಾಕೆ ಅಂತ ನನ್ನ ಕೈಗೇ ಗೊತ್ತಾಯ್ತು. ಕಾರನ್ನ ನೇರ ಇಡೋಕೆ ಬಲಗೈಯಿಂದ ಒಂದೇ ಸಮ ಕೆಳಗೆ ಎಳೆದು ಹಿಡಿದುಕೊಂಡೇ ಇರಬೇಕಿತ್ತು. ದೊಡ್ಡ ಬಲವೇನಲ್ಲ, ಅರ್ಧ ಲೀಟರ್ ನೀರಿನ ಬಾಟ್ಲಿ ಹಿಡಿದ ಹಾಗೆ. ಆದರೆ ಅರ್ಧ ಲೀಟರ್ ಬಾಟ್ಲಿಯನ್ನೂ ಒಂದು ಗಂಟೆ ಕೈಚಾಚಿ ಹಿಡಿದು ನೋಡಿ. ಹೆಗಲಿನ ನೋವು ಕಾರಿನಿಂದಲೇ ಬಂತು ಅಂತ ಹೇಳೋಕೆ ನಾನು ಡಾಕ್ಟರಲ್ಲ. ಆ ಕವರು ನೋಡಿದ ಮೇಲೆ ಬರೀ ವಯಸ್ಸು ಅನ್ನೋಕೂ ಬಾಯಿ ಬರಲಿಲ್ಲ.

"ಇಷ್ಟೊಂದು ಎಳೀತದಾ?" ಅಂದೆ.

"ಹ್ಞೂಂ. ಅಭ್ಯಾಸ ಆಗ್ಯದೆ" ಅಂದರು ಅಪ್ಪಯ್ಯ.

ಅಲ್ಲೇ ನಿಲ್ಲಿಸಬೇಕಿತ್ತು. ಆಗುಂಬೆ ಪೇಟೆಯಲ್ಲಿ ಒಂದು ಚಹಾ ಕುಡಿಯೋ ಹೊತ್ತು ಕಾರು ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಡ್ಡಿ ನೋಡಿದ್ದರೆ ಸಾಕಿತ್ತು. ಆದರೆ ಹನ್ನೊಂದೂವರೆಗೆ ಅಪಾಯಿಂಟ್‌ಮೆಂಟು. ಇಳಿದೇಬಿಟ್ಟೆ.

ಆಗುಂಬೆ ಘಾಟಿ ಗೊತ್ತಲ್ಲ, ಹದಿನಾಲ್ಕು ಹೇರ್‌ಪಿನ್ ತಿರುವು. ಸೆಕೆಂಡ್ ಗೇರಿನಲ್ಲೇ ಇಳೀತಿದ್ದೆ, ಆದರೂ ಪ್ರತಿ ತಿರುವಿಗೂ ಬ್ರೇಕ್ ಒತ್ತಲೇಬೇಕು. ನಾಲ್ಕೈದು ತಿರುವು ದಾಟುವಷ್ಟರಲ್ಲಿ ಎಂಥದೋ ಸುಟ್ಟ ವಾಸನೆ. ಮುಂದೆ ಹೋಗ್ತಿದ್ದ ಜೀಪಿನದ್ದು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಕೆಳಗಿನಿಂದ ಮಿನಿ ಬಸ್ಸೊಂದು ಏರಿಕೊಂಡು ಬಂತು. ಅದಕ್ಕೆ ಜಾಗ ಬಿಡೋಕೆ ಬ್ರೇಕ್ ಜೋರಾಗಿ ಒತ್ತಿದೆ. ಪೆಡಲ್ಲು ಎಂದಿಗಿಂತ ಒಳಗೆ ಹೋಯಿತು. ಮೂತಿ ಎಡಕ್ಕೆ ಹೊರಳಿತು. ಬ್ರೇಕ್ ಬಿಟ್ಟು ಸ್ಟೀರಿಂಗ್ ಬಲಕ್ಕೆ ತಿರುಗಿಸಿದೆ. ಬ್ರೇಕ್ ಬಿಟ್ಟ ಮೇಲೂ ಕಾರು ಎಡಕ್ಕೇ ಎಳೀತಿತ್ತು. ಎಡಚಕ್ರ ಟಾರಿನಿಂದ ಕೆಳಗಿಳಿದು ಜಲ್ಲಿಯ ಮೇಲೆ ಗರಗರ ಅಂದಿತು. ಅಮ್ಮ "ಅಯ್ಯೋ ದೇವ್ರೇ" ಅಂದದ್ದು ಕೇಳಿಸಿತು.

ಕಾರು ನಿಂತಾಗ ತಡೆಗೋಡೆಗೂ ಬಂಪರಿಗೂ ಮಧ್ಯೆ ಎರಡು ಗೇಣು ಜಾಗ ಇತ್ತು. ಆಮೇಲೆ ಕೆಳಗಿಳಿದು ಗೇಣು ಹಾಕಿಯೇ ನೋಡಿದ್ದೇನೆ.

ನನ್ನ ಕಾಲು ನಡುಗ್ತಿತ್ತು. ಅಪ್ಪಯ್ಯ ಮೆತ್ತಗೆ "ಹ್ಯಾಂಡ್‌ಬ್ರೇಕ್ ಎಳಿ. ಗೇರಿನಲ್ಲೇ ಆಫ್ ಮಾಡು" ಅಂದರು. ಕೆಳಗಿಳಿದು ಎರಡು ಕಲ್ಲು ಹುಡುಕಿ ತಂದು ಚಕ್ರಕ್ಕೆ ಅಡ್ಡ ಇಟ್ಟರು. ಮುಂದಿನ ಎಡಚಕ್ರದಿಂದ ಸಣ್ಣಗೆ ಹೊಗೆ ಏಳ್ತಿತ್ತು. ಅಮ್ಮ ನೀರಿನ ಬಾಟ್ಲಿ ಕೊಟ್ಟಳು. ನಾನು ಚಕ್ರಕ್ಕೆ ಸುರಿಯೋಕೆ ಹೋದೆ. "ಹೊಯ್ಬೇಡ ಹೊಯ್ಬೇಡ, ಕಾದ ಕಬ್ಬಿಣ ಅದು, ಸೀಳ್ತದೆ. ತಾನೇ ತಣಿಲಿ" ಅಂದರು.

ಇಂಜಿನಿಯರ್ ಯಾರು ಅಂತ ಆಗ ಯಾರಾದ್ರೂ ಕೇಳಿದ್ರೆ ನಾನು ಕೈ ಎತ್ತುತ್ತಿರಲಿಲ್ಲ.

"ನಾನು ಮೊದಲೇ ಹೇಳಿದ್ದೆ" ಅನ್ನೋ ಮಾತು ಅವರ ಬಾಯಿಂದ ಬರುತ್ತೆ ಅಂತ ಕಾಯ್ತಿದ್ದೆ. ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಬಂದಿದ್ದರೆ ಸ್ವಲ್ಪ ಹಗುರ ಆಗ್ತಿತ್ತೇನೋ.

* * *

ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಕೆಳಗಿಳೀತಿದ್ದ ಇನ್ನೊಂದು ಜೀಪಿನವರ ಹತ್ತಿರ ಹೇಳಿ ಕಳಿಸಿದೆವು. ಮಂಗಗಳಿಗೂ ನಮಗೂ ಮಧ್ಯೆ ಅವಲಕ್ಕಿಯ ಡಬ್ಬಿಯನ್ನ ಅಮ್ಮ ಕಾಪಾಡಿಕೊಂಡು ಕೂತಳು. ಒಂದೂವರೆ ಗಂಟೆಯ ಮೇಲೆ ಅದೇ ಜೀಪಿನಲ್ಲಿ ಒಬ್ಬ ಮೆಕ್ಯಾನಿಕ್ ಬಂದರು. ಐವತ್ತರ ಆಸುಪಾಸಿನವರು.

ಬಂದವರೇ ಕೇಳಿದ ಮೊದಲ ಪ್ರಶ್ನೆ: "ಯಾವಾಗ ಎಳೀತದೆ ಮಾರಾಯ್ರೆ? ಯಾವಾಗ್ಲುವಾ, ಬ್ರೇಕ್ ಹಾಕುವಾಗವಾ?"

ಅಪ್ಪಯ್ಯ ಜುಲೈನಲ್ಲಿ ನನಗೆ ಹೇಳಿದ್ದನ್ನೇ, ಅದೇ ಮಾತುಗಳಲ್ಲಿ ಹೇಳಿದರು. ಬ್ರೇಕ್ ಒತ್ತಿ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಜಾಸ್ತಿ ಎಳೀತದೆ, ಆಮೇಲೆ ತನ್ನಷ್ಟಕ್ಕೇ ಸರಿಯಾಗ್ತದೆ, ಈಗೀಗ ಪೂರ್ತಿ ಸರಿಯಾಗುದೇ ಇಲ್ಲ.

"ಹಾಗಾದ್ರೆ ಪೈಪ್" ಅಂದರು ಅವರು. ಚಕ್ರ ಬಿಚ್ಚೋಕೆ ಮೊದಲೇ!

ಆಮೇಲೆ ಮಾಡಿ ತೋರಿಸಿದರು. ಜಾಕ್ ಕೊಟ್ಟು ಎಡಚಕ್ರ ಎತ್ತಿದರು. ಅಷ್ಟು ಹೊತ್ತು ತಣಿದಿದ್ದರಿಂದ ಚಕ್ರ ಕಷ್ಟಪಟ್ಟಾದರೂ ತಿರುಗ್ತಿತ್ತು. ನನಗೆ ಬ್ರೇಕ್ ಒತ್ತಿ ಬಿಡೋಕೆ ಹೇಳಿದರು. ಬಿಟ್ಟ ಮೇಲೆ ಅವರು ಎರಡೂ ಕೈಯಲ್ಲಿ ತಿರುಗಿಸಿದರೂ ಚಕ್ರ ಅಲುಗಲಿಲ್ಲ. ಆಮೇಲೆ ಬ್ರೇಕಿನ ಗಾಳಿ ತೆಗೆಯೋ ಸಣ್ಣ ನಟ್ಟನ್ನು ಸ್ಪ್ಯಾನರಿನಿಂದ ಒಂಚೂರು ಸಡಿಲ ಮಾಡಿದರು. ಪಿಚಕ್ ಅಂತ ಒಂದು ಚಮಚದಷ್ಟು ಬ್ರೇಕ್ ಆಯಿಲ್ ಹೊರಗೆ ಬಂತು. ಅದೇ ಚಕ್ರವನ್ನ ಒಂದು ಬೆರಳಿನಲ್ಲಿ ತಳ್ಳಿದರು, ತಿರುಗಿತು.

ಇಷ್ಟರಲ್ಲೇ ಎಲ್ಲ ಇದೆ ನೋಡಿ. ನಟ್ಟು ಸಡಿಲಿಸಿದ ಮೇಲೂ ಚಕ್ರ ಬಿಡಿಸಿಕೊಳ್ಳದೇ ಇದ್ದಿದ್ರೆ ಪಿಸ್ಟನ್ನೋ ಕ್ಯಾಲಿಪರಿನ ಪಿನ್ನೋ ತುಕ್ಕು ಹಿಡಿದು ಕಚ್ಚಿಕೊಂಡಿದೆ ಅಂತ ಅರ್ಥ. ಬಿಡಿಸಿಕೊಂಡಿತು ಅಂದ್ರೆ ಆಯಿಲ್ಲಿನ ಒತ್ತಡ ಒಳಗೆ ಸಿಕ್ಕಿಹಾಕಿಕೊಂಡಿತ್ತು ಅಂತ. ಒಂದೇ ಚಕ್ರದಲ್ಲಿ ಹಾಗಾಗಿದ್ರೆ ಮೊದಲ ಅನುಮಾನ ಆ ಚಕ್ರಕ್ಕೆ ಹೋಗೋ ರಬ್ಬರ್ ಪೈಪಿನ ಮೇಲೆ. ಹೊರಗಿಂದ ಆ ಪೈಪು ಹೊಸದರ ಹಾಗೇ ಇತ್ತು. ಒಳಗಿನ ಪದರ ಊದಿಕೊಂಡು ತೂತು ಮುಚ್ಚೋ ಹಾಗಾಗಿತ್ತು. ಕಾಲಿನಿಂದ ಒತ್ತಿದಾಗ ಒತ್ತಡ ಬಹಳ, ಆಯಿಲ್ಲು ಹೇಗೋ ನುಗ್ಗಿ ಹೋಗುತ್ತೆ. ವಾಪಸ್ ಬರೋಕೆ ಅಂಥ ಬಲ ಇಲ್ಲ. ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ ಹಿಂದಕ್ಕೆ ಎಳೆಯೋಕೆ ಸ್ಪ್ರಿಂಗ್ ಇರೋದಿಲ್ಲ. ಪಿಸ್ಟನ್ ಸುತ್ತ ಇರೋ ರಬ್ಬರಿನ ಸೀಲು ತಿರುಚಿಕೊಂಡದ್ದು ಮತ್ತೆ ಮೊದಲಿನ ಹಾಗಾಗುವಾಗ ಪಿಸ್ಟನ್ನನ್ನ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತೆ, ಅಷ್ಟೇ. ದಾರಿ ಕಟ್ಟಿದ್ದರೆ ಅದು ಸೋಲುತ್ತೆ.

ಅವರು ಇದನ್ನೆಲ್ಲ ಒಂದೇ ಮಾತಲ್ಲಿ ಹೇಳಿದರು: "ಇದ್ರಲ್ಲಿ ಒಳಗೆ ಹೋಗ್ಲಿಕ್ಕೆ ದಾರಿ ಉಂಟು, ವಾಪಸ್ ಬರ್ಲಿಕ್ಕೆ ಇಲ್ಲ."

ನಾಲ್ಕು ತಿಂಗಳು ನಾನೂ ಅಪ್ಪಯ್ಯನೂ ಫೋನಿನಲ್ಲಿ ಮಾತಾಡಿದ್ದು ಹೀಗೇ ಅಂತ ನನಗಾಗ ಅನ್ನಿಸಿತು. ನನ್ನ ಪಾಠವೆಲ್ಲ ಆ ಕಡೆ ಹೋಗ್ತಿತ್ತು.

ಘಾಟಿಯಲ್ಲಿ ಅದು ಯಾಕೆ ಅಷ್ಟು ಬೇಗ ಕಾದಿತು ಅಂತ ರಾತ್ರಿ ಲೆಕ್ಕ ಹಾಕಿದೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಒಂದು ಟನ್ ತೂಕದ ಕಾರು 500 ಮೀಟರ್ ಕೆಳಗೆ ಇಳಿದರೆ ಸುಮಾರು 49 ಲಕ್ಷ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. 25 ಡಿಗ್ರಿಯಲ್ಲಿರೋ 15 ಲೀಟರ್ ನೀರು, ಅಂದ್ರೆ ಒಂದು ದೊಡ್ಡ ಕೊಡದ ತುಂಬ ನೀರು ಕುದಿಯೋ ಮಟ್ಟಕ್ಕೆ ಬರೋಕೆ ಅಷ್ಟು ಸಾಕು. ಅದರಲ್ಲಿ ಒಂದಷ್ಟನ್ನು ಗೇರಿನಲ್ಲಿರೋ ಇಂಜಿನ್ ನುಂಗುತ್ತೆ, ಉಳಿದದ್ದನ್ನು ನಾಲ್ಕು ಚಕ್ರದ ಬ್ರೇಕು ಹಂಚಿಕೊಳ್ಳಬೇಕು. ನಮ್ಮ ಕಾರಿನಲ್ಲಿ ಎಡಗಡೆಯದು ತನ್ನ ಪಾಲಿಗಿಂತ ಎಷ್ಟೋ ಹೆಚ್ಚು ಹೊತ್ತುಕೊಂಡಿತ್ತು, ಬ್ರೇಕ್ ಒತ್ತದ ಹೊತ್ತಿನಲ್ಲೂ ಸವೀತಿತ್ತು.

ಪೆಡಲ್ಲು ಒಳಗೆ ಹೋಗಿದ್ದಕ್ಕೂ ಕಾರಣ ಇದೆ. ಬ್ರೇಕ್ ಆಯಿಲ್ಲು ಗಾಳಿಯ ತೇವ ಹೀರಿಕೊಳ್ಳುತ್ತೆ. ಹೊಸ ಡಾಟ್ 4 ಆಯಿಲ್ಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೂರಕ್ಕೆ 3.7ರಷ್ಟು ನೀರು ಸೇರಿದ ಆಯಿಲ್ಲಿಗೆ ಅದೇ ನಿಯಮ 155 ಡಿಗ್ರಿಗೆ ಇಳಿಯುತ್ತೆ. ಕುದ್ದರೆ ಒಳಗೆ ಗುಳ್ಳೆ. ಗುಳ್ಳೆಯನ್ನ ಒತ್ತಿದರೆ ಅದು ಕುಗ್ಗುತ್ತೆ, ಚಕ್ರಕ್ಕೆ ಬಲ ಮುಟ್ಟೋದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಅಂತ ಸಾಮಾನ್ಯವಾಗಿ ಹೇಳೋದು ಇದಕ್ಕೇ. ನಮ್ಮ ಕಾರಿನಲ್ಲಿ ಕೊನೇ ಸಲ ಯಾವಾಗ ಬದಲಾಯಿಸಿದ್ದು ಅಂತ ಅಪ್ಪಯ್ಯನಿಗೂ ನೆನಪಿಲ್ಲ, ನಾನಂತೂ ಕೇಳೇ ಇರಲಿಲ್ಲ.

ಮೆಕ್ಯಾನಿಕ್ಕೇ ಕಾರನ್ನು ಫಸ್ಟ್ ಗೇರಿನಲ್ಲಿ, ಹ್ಯಾಂಡ್‌ಬ್ರೇಕ್ ಹಿಡಿದುಕೊಂಡು, ನಡುನಡುವೆ ನಿಲ್ಲಿಸಿಕೊಂಡು ಇಳಿಸಿದರು. ನಾವು ಹಿಂದೆ ಜೀಪಿನಲ್ಲಿ. ಗ್ಯಾರೇಜಿನಲ್ಲಿ ಮುಂದಿನ ಎರಡೂ ಕಡೆಯ ಪೈಪು ಬದಲಾಯಿಸಿದರು. ಒಂದು ಹೋಗಿದ್ರೆ ಇನ್ನೊಂದರ ವಯಸ್ಸೂ ಅಷ್ಟೇ ಅಲ್ವಾ ಅಂತ. ಪ್ಯಾಡು, ಹೊಸ ಆಯಿಲ್ಲು ಎಲ್ಲ ಹಾಕಿದರು. ಎರಡು ಪೈಪಿನ ಬೆಲೆ, ನಾನು ಎರಡು ಸಲ ಮಾಡಿಸಿದ ಅಲೈನ್‌ಮೆಂಟಿಗಿಂತ ಕಮ್ಮಿ! ಅಮ್ಮನ ಕಣ್ಣಿನ ಅಪಾಯಿಂಟ್‌ಮೆಂಟ್ ತಪ್ಪಿತು. ಮುಂದಿನ ವಾರ ತೋರಿಸಿದೆವು.

* * *

ಅವತ್ತಿನಿಂದ ಈ ವಿಷಯ ತಲೆಗೆ ಹತ್ತಿಕೊಂಡಿದೆ. ಹಳೇ ಪುಸ್ತಕ ಹುಡುಕಿ ತೆಗೆದು ಓದಿದೆ. ನಿಮಗೂ ಉಪಯೋಗಕ್ಕೆ ಬರಲಿ ಅಂತ ಚಿಕ್ಕದಾಗಿ ಬರೆದಿಡ್ತೀನಿ. ಕಾರು ಎಳೀತಿದೆ ಅಂದ್ರೆ ಮೊದಲು ಕೇಳಬೇಕಾದ್ದು "ಯಾವಾಗ?" ಅಂತ.

- ರಸ್ತೆ ಬದಲಾದಂತೆ ಎಳೆತವೂ ಬದಲಾದ್ರೆ: ರಸ್ತೆಯ ಇಳಿಜಾರು. ಸಮತಟ್ಟಾದ ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ ನೋಡಿ.
- ಎಲ್ಲಾ ರಸ್ತೆಯಲ್ಲೂ ಒಂದೇ ಸಮ ಎಳೆದ್ರೆ: ಮೊದಲು ಗಾಳಿ, ಆಮೇಲೆ ಟೈರ್ ಅದಲು ಬದಲು, ಆಮೇಲೆ ಕ್ಯಾಂಬರ್ ಮತ್ತು ಕ್ಯಾಸ್ಟರ್.
- ಬ್ರೇಕ್ ಒತ್ತಿದಾಗ ಮಾತ್ರ ಎಳೆದ್ರೆ: ಎರಡು ಕಡೆಯ ಬ್ರೇಕು ಸಮ ಹಿಡೀತಿಲ್ಲ. ಎಡಕ್ಕೆ ಎಳೀತು ಅಂದ್ರೆ ಎಡಗಡೆಯದೇ ಕೆಟ್ಟಿದೆ ಅಂತಲ್ಲ, ಬಲಗಡೆಯದು ಕೆಲಸ ಮಾಡದೇ ಇದ್ರೂ ಎಡಕ್ಕೇ ಎಳೆಯೋದು. ಸವೆದ ಬುಷ್ ಕೂಡ ಹೀಗೆ ಮಾಡುತ್ತೆ.
- ಬ್ರೇಕ್ ಬಿಟ್ಟ ಮೇಲೂ ಎಳೆದ್ರೆ: ಒಂದು ಬ್ರೇಕು ಹಿಡಿದುಕೊಂಡೇ ಇದೆ. ಆ ಚಕ್ರ ಉಳಿದವಕ್ಕಿಂತ ಬಿಸಿ ಇರುತ್ತೆ. ಮುಟ್ಟಬೇಡಿ, ಹತ್ತಿರ ಕೈ ಒಡ್ಡಿದರೆ ಸಾಕು. ಅದನ್ನಿಟ್ಟುಕೊಂಡು ಘಾಟಿ ಇಳಿಯಬೇಡಿ.
- ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರ ಎಳೆದ್ರೆ: ಮುಂದಿನ ಚಕ್ರಕ್ಕೆ ಇಂಜಿನ್ ಜೋಡಿಸಿದ ಕಾರುಗಳಲ್ಲಿ ಇದು ಸ್ವಲ್ಪಮಟ್ಟಿಗೆ ಇರುತ್ತೆ. ಎಡಬಲದ ಡ್ರೈವ್ ಶಾಫ್ಟ್‌ಗಳ ಉದ್ದ ಬೇರೆ ಬೇರೆ ಇರೋದು ಒಂದು ಕಾರಣ.

ಓದುವಾಗ ಇನ್ನೊಂದು ಸ್ವಾರಸ್ಯ ಕಣ್ಣಿಗೆ ಬಿತ್ತು. 1972ರಲ್ಲಿ ಬಂದ ಆಡಿ 80 ಕಾರಿನಲ್ಲಿ ಮುಂದಿನ ಚಕ್ರ ತಿರುಗುವ ಅಕ್ಷದ ಗೆರೆಯನ್ನ, ಅದು ನೆಲ ಮುಟ್ಟೋ ಜಾಗ ಟೈರಿನ ನಡುವಿಗಿಂತ ಹೊರಗೆ ಬೀಳೋ ಹಾಗೆ ಇಟ್ಟಿದ್ದರು. ಇದರಿಂದ ಏನಾಗುತ್ತೆ ಅಂದ್ರೆ, ಎಡಗಡೆ ಬ್ರೇಕು ಹೆಚ್ಚು ಹಿಡಿದು ಕಾರು ಎಡಕ್ಕೆ ಹೊರಳೋಕೆ ಹೋದಾಗ ಅದೇ ಬಲ ಚಕ್ರವನ್ನ ಬಲಕ್ಕೆ ತಿರುಗಿಸುತ್ತೆ. ಕಾರೇ ತನ್ನ ಎಳೆತವನ್ನ ತಾನೇ ಕಳೆದುಕೊಳ್ಳುತ್ತೆ. ಈಗಿನ ಕೆಲವು ಕಾರುಗಳಲ್ಲಿ ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನ ಸಾಫ್ಟ್‌ವೇರು, ಚಾಲಕ ಒಂದೇ ಕಡೆ ಎಳೆದು ಹಿಡೀತಿದ್ದಾನೆ ಅಂತ ಗಮನಿಸಿ, ಮೋಟಾರಿನಿಂದ ತಾನೇ ಅಷ್ಟು ಬಲ ಕೊಡುತ್ತೆ. ಹಾರ್ಡ್‌ವೇರಿನ ತಪ್ಪನ್ನ ಸಾಫ್ಟ್‌ವೇರಿನಲ್ಲಿ ಮುಚ್ಚೋದು! ನಮ್ಮ ಕಸುಬಿನವರ ಕೈವಾಡ ಎಲ್ಲಾ ಕಡೆ ಇದೆ ನೋಡಿ.

ಇವೆಲ್ಲ ಒಳ್ಳೇದಕ್ಕೇ ಮಾಡಿದ್ದು, ಎಷ್ಟೋ ಜೀವ ಉಳಿಸಿರಬಹುದು. ಆದರೆ ಎಳೆತ ಅನ್ನೋದು ಕಾರು ನಮ್ಮ ಹತ್ತಿರ ಏನೋ ಹೇಳೋ ರೀತಿ ಕೂಡ. ಅದನ್ನ ಯಾರೋ ಸದ್ದಿಲ್ಲದೆ ಸರಿದೂಗಿಸ್ತಾ ಹೋದ್ರೆ ಕಾಯಿಲೆ ಒಳಗೊಳಗೇ ಬೆಳೆಯುತ್ತೆ. ನಮ್ಮ ಕಾರಿನಲ್ಲಿ ಆ ಕೆಲಸ ಮಾಡ್ತಿದ್ದದ್ದು ಅಪ್ಪಯ್ಯನ ಬಲಗೈ. ಹೇಳಿದರೆ ಮಗ ಪಾಠ ಮಾಡ್ತಾನೆ, ಅದಕ್ಕಿಂತ ಹಿಡಿದುಕೊಂಡು ಓಡಿಸೋದೇ ಸುಲಭ ಅನ್ನಿಸಿರಬೇಕು ಅವರಿಗೆ. ಅಕ್ಟೋಬರಿನಲ್ಲಿ ಅವರು ಸುಮ್ಮನಾದಾಗ ನಾನು "ಸರಿಯಾಯ್ತು" ಅಂದುಕೊಂಡೆನಲ್ಲ, ಅದು ನೆನಪಾದಾಗೆಲ್ಲ ಹೊಟ್ಟೆಯೊಳಗೆ ಒಂಥರಾ ಆಗುತ್ತೆ.

ನಾನು ಬೆಂಗಳೂರಿಗೆ ವಾಪಸ್ ಬಂದ ಎರಡು ವಾರಕ್ಕೆ ಅಪ್ಪಯ್ಯನ ಫೋನು.

"ಈಗ ಕಾರು ಬಲಕ್ಕೆ ಎಳೀತದೆ ಮಾರಾಯ."

ಮೈಯೆಲ್ಲ ಝುಂ ಅಂದಿತು. ಇನ್ನೊಂದು ಪೈಪು? ಗಾಳಿ ಸರಿಯಾಗಿ ತೆಗೆದಿಲ್ವಾ? ನಾಲಿಗೆ ತುದಿವರೆಗೆ ಬಂದ ಪಾಠವನ್ನ ನುಂಗಿಕೊಂಡು, ಲ್ಯಾಪ್‌ಟಾಪ್ ಮುಚ್ಚಿ ಕೇಳಿದೆ.

"ಯಾವಾಗ ಅಪ್ಪಯ್ಯ? ಬ್ರೇಕ್ ಹಾಕಿದಾಗ್ಲಾ?"

"ಇಲ್ಲ."

"ಯಾವಾಗ್ಲೂನಾ?"

"ಯಾವಾಗ್ಲೂ ಅಲ್ಲ. ಮಾತಾಡ್ತಾ ಓಡಿಸುವಾಗ. ಲಕ್ಷ್ಯ ಇಟ್ಟು ಓಡಿಸಿದ್ರೆ ಎಳಿಯುದಿಲ್ಲ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರೇ ನಗೋಕೆ ಶುರು ಮಾಡಿದರು.

"ಅದು ಕಾರಲ್ಲ ಕಾಣ್ತದೆ. ನನ್ನ ಕೈಯೇ ಎಳೀತದೆ. ಅಭ್ಯಾಸ ಆಗಿ ಹೋಗ್ಯದೆ."

ಎಡಕ್ಕೆ ಹೋಗದ ಕಾರನ್ನೂ ಆ ಬಲಗೈ ಇನ್ನೂ ಬಲಕ್ಕೆ ಎಳೀತಾನೇ ಇತ್ತು. ತಿಂಗಳೊಪ್ಪತ್ತಿನಲ್ಲಿ ಅದೂ ಸರಿಹೋಯಿತು. ನಾನು ಅವತ್ತಿನ ಮೀಟಿಂಗಿಗೆ ಇಪ್ಪತ್ತು ನಿಮಿಷ ತಡವಾಗಿ ಹೋದೆ. ಏನೂ ಮುಳುಗಿಹೋಗಲಿಲ್ಲ.